ಹಳೆ ಕಿಟಕಿಯ ಬಳ್ಳಿಪೆಟ್ಟಿಗೆ: ಬಿಚ್ಚಿದ ಮನೆಯ ಮರಮುಟ್ಟಿನಿಂದ ತೋಟದ ಉಡುಗೊರೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಯೊಂದನ್ನು ಕೆಡವುವಾಗ ಮೊದಲು ಹೊರಬರುವುದು ಬಾಗಿಲು, ಕಿಟಕಿ. ಗೋಡೆಗೆ ಪೆಟ್ಟು ಬೀಳುವ ಮುಂಚೆಯೇ ಅವುಗಳನ್ನು ಕಿತ್ತು ಲಾರಿಗೆ ಏರಿಸಿರುತ್ತಾರೆ. ಅಂಥ ಒಂದು ಕಿಟಕಿಯನ್ನು ತಂದು, ಬುಡಕ್ಕೆ ಹಲಗೆಯ ಪೆಟ್ಟಿಗೆ ಜೋಡಿಸಿ, ಮಣ್ಣು ತುಂಬಿ, ಸರಳುಗಳ ಮೇಲೆ ಬಳ್ಳಿ ಹಬ್ಬಿಸಿ ಬೇಕಾದವರಿಗೆ ಕೊಡುವುದು ಹೇಗೆ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಅವರ ಪ್ರಶ್ನೆಗಳಿಗೆ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವ ವಸ್ತುವೂ ಉಡುಗೊರೆಯ ಯೋಗ್ಯತೆ ಪಡೆಯುವುದಿಲ್ಲ. ಅದು ನೀರು, ಬಿಸಿಲು, ಮಣ್ಣಿನ ಭಾರ ಮೂರನ್ನೂ ತಡೆಯಬೇಕು. ಅದರಲ್ಲಿ ನೆಟ್ಟ ಗಿಡ ಬದುಕಬೇಕು. ಪಡೆದವರಿಗೆ ಅದು ಹೊರೆಯಾಗಬಾರದು. ಕೆಳಗಿನ ಉತ್ತರಗಳೆಲ್ಲ ಈ ದೃಷ್ಟಿಯಿಂದಲೇ ಬರೆದವು.

ಬಳ್ಳಿಪೆಟ್ಟಿಗೆಯ ಅಳತೆ ಎಷ್ಟಿರಬೇಕು?

ಕಿಟಕಿ ಎಷ್ಟು ದೊಡ್ಡದೋ ಅದಕ್ಕೆ ತಕ್ಕಂತೆ ಪೆಟ್ಟಿಗೆ. ನನ್ನ ಪ್ರಕಾರ 2 ಅಡಿ ಅಗಲ, 3 ಅಡಿ ಎತ್ತರದ ಸಣ್ಣ ಕಿಟಕಿ ಎಲ್ಲಕ್ಕಿಂತ ಉತ್ತಮ. ಹಳೆಯ ಮನೆಗಳ ಅಡುಗೆಮನೆ, ದೇವರ ಕೋಣೆಗಳಲ್ಲಿ ಈ ಗಾತ್ರದವು ಇರುತ್ತಿದ್ದವು. ಇದಕ್ಕೆ ಎರಡೂವರೆ ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಪೆಟ್ಟಿಗೆ ಸರಿಹೊಂದುತ್ತದೆ. ಕಿಟಕಿಯ ಎರಡೂ ಪಕ್ಕ ಮೂರು ಮೂರು ಇಂಚು ಉಳಿಯುತ್ತದೆ. ಒಂದಿಂಚು ದಪ್ಪದ ಹಲಗೆ ಬಳಸಿದರೆ ಒಳಗೆ ಸುಮಾರು 45 ಲೀಟರ್ ಮಣ್ಣು ಹಿಡಿಯುತ್ತದೆ. ಒಂದೆರಡು ಬಳ್ಳಿಗಳಿಗೆ ಇಷ್ಟು ಸಾಕು.

ಇದಕ್ಕಿಂತ ದೊಡ್ಡದು ಬೇಡ. ನಾಲ್ಕು ಅಡಿಯ ಕಿಟಕಿ ನೋಡಲು ಚೆನ್ನ, ಆದರೆ ಲಿಫ್ಟಿನೊಳಗೆ ಹಿಡಿಸುವುದು ಕಷ್ಟ, ಇಬ್ಬರು ಎತ್ತುವುದೂ ಸುಲಭವಲ್ಲ.

ಯಾರಿಗೆ ಕೊಟ್ಟರೆ ಚೆಂದ?

ಗೃಹಪ್ರವೇಶ, ಷಷ್ಟಿಪೂರ್ತಿ, ನಿವೃತ್ತಿ, ಮದುವೆಯ ವಾರ್ಷಿಕೋತ್ಸವ, ಯಾವ ಸಂದರ್ಭಕ್ಕೂ ಒಪ್ಪುತ್ತದೆ. ಆದರೆ ಈ ಉಡುಗೊರೆಗೆ ನಿಜವಾದ ತೂಕ ಬರುವುದು ಆ ಮರ ಪಡೆಯುವವರದ್ದೇ ಆಗಿದ್ದಾಗ. ಅಜ್ಜನ ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಿಸುತ್ತಿರುವ ಕುಟುಂಬಗಳು ನಗರದಲ್ಲಿ ಬೇಕಾದಷ್ಟಿವೆ. ಕೆಡವುವ ದಿನ ಗೊತ್ತಾದರೆ ಒಂದು ಕಿಟಕಿಯನ್ನು ಬೇರೆ ತೆಗೆದಿರಿಸುವಂತೆ ಗುತ್ತಿಗೆದಾರರಿಗೆ ಮೊದಲೇ ಹೇಳಿ. ಕೆಡವುವ ಒಪ್ಪಂದದಲ್ಲಿ ಹಳೆಯ ಸಾಮಾನು ಸಾಮಾನ್ಯವಾಗಿ ಗುತ್ತಿಗೆದಾರರ ಪಾಲಿಗೇ ಹೋಗುತ್ತದೆ. ಕೆಲಸ ಶುರುವಾದ ಮೇಲೆ ಕೇಳಿದರೆ ನಿಮ್ಮದೇ ಕಿಟಕಿಗೆ ಬೆಲೆ ಕೊಡಬೇಕಾದೀತು.

ಗಿಡಕ್ಕೆ ನೀರು ಹಾಕುವ ಅಭ್ಯಾಸ ಇಲ್ಲದವರಿಗೆ, ಪದೇ ಪದೇ ಬಾಡಿಗೆ ಮನೆ ಬದಲಿಸುವವರಿಗೆ ಇದನ್ನು ಕೊಡಬೇಡಿ. ಅಚ್ಚರಿಯಾಗಿ ಕೊಡಬೇಕೆಂಬ ಆಸೆ ಸಹಜ. ಆದರೂ ಇಡಲು ಜಾಗವಿದೆಯೇ, ಬಿಸಿಲು ಬೀಳುತ್ತದೆಯೇ ಎಂದು ಮನೆಯವರಲ್ಲಿ ಒಬ್ಬರನ್ನಾದರೂ ಕೇಳಿ ಮುಂದುವರಿಯಿರಿ.

ಸಾಮಾನು ಎಲ್ಲಿ ಸಿಗುತ್ತದೆ?

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರ, ಅವುಗಳಿಗಿಂತ ತುಸು ಮೊದಲಿನ ಚಾಮರಾಜಪೇಟೆ, ಈ ಬಡಾವಣೆಗಳಲ್ಲಿ ಹಳೆಯ ಮನೆಗಳು ಇಂದಿಗೂ ಒಂದೊಂದಾಗಿ ಇಳಿಯುತ್ತಿವೆ. ತಗಡಿನ ಬೇಲಿ ಹಾಕಿರುವ ನಿವೇಶನ ಕಂಡರೆ ಒಳಗಿರುವ ಮೇಸ್ತ್ರಿಯನ್ನು ವಿಚಾರಿಸಿ. ಅಲ್ಲೇ ಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಕಡೆ ಮರದ ಅಂಗಡಿಗಳು, ಕೊಯ್ಯುವ ಮಿಲ್ಲುಗಳು ಇವೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಕಬ್ಬಿಣದ ಕೆಲಸ ಸಿಗುತ್ತದೆ. ಬೋಲ್ಟು, ವಾಷರ್, ಸ್ಕ್ರೂ, ಡ್ರಿಲ್ ಬಿಟ್ಟುಗಳಿಗೆ ಎಸ್.ಪಿ. ರಸ್ತೆಗೆ ಹೋಗಿ.

ಗುಜರಿಯಲ್ಲಿ ಕಬ್ಬಿಣ ಕಿಲೋ ಲೆಕ್ಕ. ಮರಕ್ಕೆ ಘನ ಅಡಿ ಲೆಕ್ಕ, ಇಲ್ಲವೇ ಕಿಟಕಿಗೆ ಇಷ್ಟು ಎಂಬ ಒಟ್ಟು ಬೆಲೆ. ಬೆಲೆ ಕೇಳುವ ಮುನ್ನ ಚೌಕಟ್ಟಿನ ನಾಲ್ಕೂ ಮೂಲೆ ನೋಡಿ. ಎರಡು ಎದುರು ಮೂಲೆಗಳ ನಡುವಿನ ಅಡ್ಡಳತೆ, ಇನ್ನೆರಡು ಮೂಲೆಗಳ ನಡುವಿನ ಅಡ್ಡಳತೆ ಒಂದೇ ಬಂದರೆ ಚೌಕಟ್ಟು ಸೊಟ್ಟಗಾಗಿಲ್ಲ ಎಂದರ್ಥ. ಕೆಳಗಿನ ಅಡಿಮರಕ್ಕೆ ವಿಶೇಷ ಗಮನ ಕೊಡಿ. ಮಳೆನೀರು ನಿಂತು ಮೊದಲು ಕೊಳೆಯುವುದು ಅದೇ. ಮೊಳೆಯ ತುದಿಯನ್ನು ಒತ್ತಿ ನೋಡಿ, ಸಲೀಸಾಗಿ ಒಳಗಿಳಿದರೆ ಆ ಕಿಟಕಿಯನ್ನು ಬಿಟ್ಟುಬಿಡಿ.

ಯಾವ ಮರ ಎಂದು ತಿಳಿಯುವುದು ಹೇಗೆ?

ಹಳೆಯ ಮರದ ಮೇಲ್ಮೈ ಎಲ್ಲವೂ ಒಂದೇ ರೀತಿ ಕಪ್ಪು ಮಿಶ್ರಿತ ಕಂದು. ಬಣ್ಣ ನೋಡಿ ಹೇಳಲಾಗದು. ಕಣ್ಣಿಗೆ ಬೀಳದ ಕಡೆ ಉಳಿಯಿಂದ ತೆಳುವಾಗಿ ಒಂದು ಸಿಬಿರು ತೆಗೆಯಿರಿ. ತೇಗವಾದರೆ ಒಳಗೆ ಹೊನ್ನಿನ ಕಂದು ಬಣ್ಣ, ಬೆರಳಿಗೆ ಸ್ವಲ್ಪ ಜಿಡ್ಡು, ಚರ್ಮದ ವಾಸನೆಗೆ ಹತ್ತಿರದ ಒಂದು ವಾಸನೆ. ಹಲಸಾದರೆ ಆ ಕಂದು ಮೇಲ್ಮೈಯ ಅಡಿಯಿಂದ ಹಳದಿ ಹೊಳೆದು ಬರುತ್ತದೆ. ನೂರು ವರ್ಷ ಗಾಳಿ ಬೆಳಕು ಕಂಡ ಹಲಗೆಯಲ್ಲೂ ಒಂದು ನೂಲು ಕೆಳಗೆ ಆ ಹಳದಿ ಹಾಗೇ ಇರುತ್ತದೆ. ಮೊದಲ ಸಲ ನೋಡುವವರಿಗೆ ನಂಬುವುದೇ ಕಷ್ಟ. ಕೆಲವೇ ತಿಂಗಳಲ್ಲಿ ಬೆಳಕಿಗೆ ಅದು ಮತ್ತೆ ಕಂದಾಗುತ್ತದೆ. ಮತ್ತಿ, ಹೊನ್ನೆ ಭಾರದ ಮರಗಳು. ಗರಗಸ ಬೇಗ ಮೊಂಡಾಗುತ್ತದೆ, ಆದರೆ ಗಟ್ಟಿ.

ಚೌಕಟ್ಟಿಗೆ ಈ ನಾಲ್ಕರಲ್ಲಿ ಯಾವುದಾದರೂ ಸರಿ. ಪೆಟ್ಟಿಗೆಯ ಹಲಗೆಗೆ ತೇಗ ಅಥವಾ ಹಲಸಿನ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ಭಾಗ, ಆರಿಸಿ. ಹಲಗೆಯ ಅಂಚಿನಲ್ಲಿ ಬಿಳಿಚಿಕೊಂಡ ಪಟ್ಟೆ ಇದ್ದರೆ ಅದು ಬಿಳಿಮರ. ಹುಳುವಿಗೆ ಮೊದಲ ತುತ್ತು ಅದೇ, ಕತ್ತರಿಸಿ ತೆಗೆಯಿರಿ.

ಕಿಟಕಿಯ ಮೇಲೆ ಐದಾರು ಪದರ ಹಳೆಯ ಬಣ್ಣವಿದೆ. ಉಜ್ಜಿ ತೆಗೆಯಲೇ?

ಒಣ ಉಪ್ಪುಕಾಗದ ಹಾಕಿ ಉಜ್ಜಬೇಡಿ. ಬೆಂಕಿಯ ದೀಪ ಹಿಡಿದು ಸುಡಲೂ ಬೇಡಿ. ಈ ಪುಟದಲ್ಲಿ ಯಾವುದನ್ನು ಮರೆತರೂ ಇದನ್ನು ಮರೆಯಬಾರದು.

ಹಳೆಯ ಆಯಿಲ್ ಪೇಂಟುಗಳಲ್ಲಿ ಸೀಸ ಬೆರೆಸುತ್ತಿದ್ದರು. ನಮ್ಮ ದೇಶದಲ್ಲಿ ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲೆಲ್ಲ ಸೀಸ ಇದೆ ಎಂದೇ ಭಾವಿಸಿ ಕೆಲಸ ಮಾಡಿ. ಉಜ್ಜಿದ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ, ನೆಲಕ್ಕೆ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಸೇರುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು.

ಹಾಗಾದರೆ ಏನು ಮಾಡಬೇಕು? ಬಣ್ಣ ತೆಗೆಯುವ ದ್ರಾವಣ ಹಚ್ಚಿ, ಅದು ಉಬ್ಬಿದ ಮೇಲೆ ಒದ್ದೆಯಾಗಿರುವಾಗಲೇ ಚೂಪಿಲ್ಲದ ಪಟ್ಟಿಯಿಂದ ಕೆರೆದು ತೆಗೆಯಿರಿ. ಉಳಿದದ್ದನ್ನು ನೀರು ಚಿಮುಕಿಸುತ್ತ ನೀರಿನ ಉಪ್ಪುಕಾಗದದಿಂದ ಉಜ್ಜಿ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರಿ. ಕೆರೆದ ಬಣ್ಣವನ್ನು ಅದರಲ್ಲೇ ಸುತ್ತಿ, ಮನೆಯ ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಎನ್95 ಮುಖಗವಸು, ಕೈಗವಸು ಇರಲೇಬೇಕು. ಕೆಲಸದ ಬಟ್ಟೆಯನ್ನು ಬೇರೆ ಒಗೆಯಿರಿ.

ಪುಟ್ಟ ಮಕ್ಕಳಿರುವ ಮನೆಗೆ ಕೊಡುವುದಾದರೆ ಬಣ್ಣ ಬಳಿದ ಕಿಟಕಿಯನ್ನೇ ಕೊಳ್ಳಬೇಡಿ. ಪಾಲಿಷ್ ಮಾತ್ರ ಕಂಡ ಅಥವಾ ಬರೀ ಮರದ ಕಿಟಕಿ ಹುಡುಕಿ. ಹಾಗೆಯೇ, ಬಣ್ಣವಿದ್ದ ಹಲಗೆಯನ್ನು ಮಣ್ಣು ತುಂಬುವ ಪೆಟ್ಟಿಗೆಗೆ ಎಂದಿಗೂ ಬಳಸಬೇಡಿ. ಅದರಲ್ಲಿ ಬಸಳೆ ಬೆಳೆದರೆ ಆ ಸೊಪ್ಪು ಯಾರ ತಟ್ಟೆಗೆ ಹೋಗುತ್ತದೆ ಯೋಚಿಸಿ.

ಪ್ಯಾಕಿಂಗ್ ಮರ, ಪ್ಯಾಲೆಟ್, ಹಳೆಯ ರೈಲ್ವೆ ಸ್ಲೀಪರ್ ಬಳಸಬಹುದೇ?

ಪೀಣ್ಯ, ಬೊಮ್ಮಸಂದ್ರದ ಕಡೆ ಪ್ಯಾಲೆಟ್‌ಗಳು ರಾಶಿ ರಾಶಿ ಸಿಗುತ್ತವೆ. ಹೊರದೇಶದಿಂದ ಸರಕು ಹೊತ್ತು ಬಂದವುಗಳ ಮೇಲೆ ತೆನೆಯ ಚಿತ್ರವಿರುವ ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಮರದ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿ ಮಾಡಲಾಗಿದೆ ಎಂದರ್ಥ, ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ, ಬಿಡಿ. ಮುದ್ರೆಯೇ ಇಲ್ಲದವು ಬಹುಪಾಲು ಇಲ್ಲಿಯವೇ. ಎಣ್ಣೆ ಚೆಲ್ಲಿದ ಕಲೆ, ರಾಸಾಯನಿಕದ ವಾಸನೆ ಇಲ್ಲದಿದ್ದರೆ ತೆಗೆದುಕೊಳ್ಳಿ. ಪೈನ್, ಸಿಲ್ವರ್ ಓಕ್ ಮೆದು ಮರಗಳಾದ್ದರಿಂದ ಒದ್ದೆ ಮಣ್ಣಿನ ಸಂಗದಲ್ಲಿ ಹೆಚ್ಚು ವರ್ಷ ನಿಲ್ಲವು.

ಮರದ ರೈಲ್ವೆ ಸ್ಲೀಪರ್ ಬೇಡವೇ ಬೇಡ. ಅವಕ್ಕೆ ಕ್ರಿಯೋಸೋಟ್ ಎಂಬ ಡಾಂಬರು ಜಾತಿಯ ಎಣ್ಣೆ ಕುಡಿಸಿರುತ್ತಾರೆ. ಬಿಸಿಲಿಗೆ ಅದು ಒಸರುತ್ತಲೇ ಇರುತ್ತದೆ, ಚರ್ಮಕ್ಕೂ ಬೇರಿಗೂ ಒಳ್ಳೆಯದಲ್ಲ.

ಹಳೆಯ ಸಿಮೆಂಟ್ ಶೀಟು ಸಿಕ್ಕಿತು, ಅದನ್ನೇ ಕತ್ತರಿಸಿ ಪೆಟ್ಟಿಗೆ ಮಾಡಲೇ ಎಂದೂ ಕೇಳುತ್ತಾರೆ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಕತ್ತರಿಸಬೇಡಿ, ಒಡೆಯಬೇಡಿ.

ಗೆದ್ದಲು, ಹುಳುವಿಗೆ ಏನು ಮಾಡಬೇಕು?

ಹಲಗೆಯನ್ನು ಬಿಳಿ ಕಾಗದದ ಮೇಲೆ ನಿಲ್ಲಿಸಿ ಸುತ್ತಿಗೆಯ ಹಿಡಿಯಿಂದ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಒಳಗಿರಬಹುದು. ಬರೀ ಹಳೆಯ ತೂತುಗಳಿದ್ದು ಪುಡಿ ಬೀಳದಿದ್ದರೆ ಚಿಂತೆಯಿಲ್ಲ. ಕಿಟಕಿಯ ಚೌಕಟ್ಟಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಚ್ಚಬಹುದು. ಪೆಟ್ಟಿಗೆಯ ಹಲಗೆಗೆ ಮಾತ್ರ ಅದನ್ನು ಹಚ್ಚಬೇಡಿ. ಬೋರಾನ್ ನೀರಿನಲ್ಲಿ ಕರಗಿ ಮಣ್ಣಿಗಿಳಿಯುತ್ತದೆ, ಪ್ರಮಾಣ ಹೆಚ್ಚಾದರೆ ಗಿಡದ ಎಲೆಯಂಚು ಸುಟ್ಟಂತಾಗುತ್ತದೆ.

ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಗೆದ್ದಲು ದೂರವಿರುತ್ತದೆ, ನಿಜ. ಆದರೆ ಆ ಎಣ್ಣೆಯಲ್ಲಿ ಎಂಜಿನ್ನಿನ ಲೋಹದ ಕಣಗಳೂ ಸುಟ್ಟ ಎಣ್ಣೆಯ ವಿಷವೂ ಇರುತ್ತವೆ. ತೋಟದ ವಸ್ತುವಿಗೆ ಅದು ಸಲ್ಲದು. ಪೆಟ್ಟಿಗೆಯನ್ನು ನೆಲದಿಂದ ಎರಡು ಇಂಚು ಎತ್ತರಿಸಿ, ಕಾಲುಗಳ ಕೆಳಗೆ ಕಲ್ಲು ಅಥವಾ ಹೆಂಚಿನ ತುಂಡು ಕೊಡಿ. ಗೆದ್ದಲು ಮಣ್ಣಿನ ಸುರಂಗ ಕಟ್ಟಿ ಹತ್ತಿದರೆ ಕಣ್ಣಿಗೆ ಬೀಳುತ್ತದೆ, ಒರೆಸಿ ತೆಗೆಯಬಹುದು.

ಬಡಗಿಯನ್ನು ಕರೆಯಬೇಕೇ, ನಾನೇ ಮಾಡಬಹುದೇ?

ಪೆಟ್ಟಿಗೆ ನೀವೇ ಮಾಡಬಹುದು. ಗರಗಸ, ಡ್ರಿಲ್, ಸ್ಕ್ರೂಡ್ರೈವರ್, ಮೂಲೆಮಟ್ಟ, ಇಕ್ಕಳ, ಮೊಳೆ ಕೀಳುವ ಸುತ್ತಿಗೆ ಸಾಕು. ಕೀಸುವ ಕೆಲಸಕ್ಕೆ ಮಾತ್ರ ಹಲಗೆಗಳನ್ನು ಮಿಲ್ಲಿಗೆ ಒಯ್ಯಿರಿ. ಅದಕ್ಕೆ ಮುನ್ನ ಹಲಗೆಯ ಉದ್ದಗಲಕ್ಕೂ ಅಯಸ್ಕಾಂತ ಆಡಿಸಿ ಮುರಿದು ಒಳಗುಳಿದ ಮೊಳೆಗಳನ್ನು ಹುಡುಕಿ ತೆಗೆಯಿರಿ. ಮಿಲ್ಲಿನ ಅಲಗಿಗೆ ಮೊಳೆ ತಗುಲಿದರೆ ಅಲಗು ಹಾಳಾಗುವುದಷ್ಟೇ ಅಲ್ಲ, ಅಲ್ಲಿ ನಿಂತವರ ಕಣ್ಣಿಗೂ ಅಪಾಯ. ಕಿಟಕಿಯ ಮೂಲೆ ಸಡಿಲವಾಗಿದ್ದರೆ ಬಡಗಿಗೇ ಒಪ್ಪಿಸಿ. ಮರದ ಗೂಟ ಬಡಿದು ಕೂಡಿಸಿದ ಹಳೆಯ ಕೀಲುಗಳನ್ನು ಬಿಚ್ಚಿ ಮತ್ತೆ ಬಿಗಿಯುವುದು ಪಳಗಿದ ಕೈಯ ಕೆಲಸ.

ಪೆಟ್ಟಿಗೆ ಕಟ್ಟುವ ಕ್ರಮ ಹೇಳಿ.

ಎರಡೂವರೆ ಅಡಿಯ ಎರಡು ಹಲಗೆ ಮುಂದೆ ಹಿಂದೆ, ಹತ್ತು ಇಂಚಿನ ಎರಡು ಹಲಗೆ ಪಕ್ಕಕ್ಕೆ. ಒಂದು ಅಡಿ ಅಗಲದ ಹಲಗೆ ಸಿಗದಿದ್ದರೆ ಆರಾರು ಇಂಚಿನ ಎರಡನ್ನು ಒಂದರ ಮೇಲೊಂದು ಇಡಿ. ಒಳಗಿನ ನಾಲ್ಕು ಮೂಲೆಗೂ ಎರಡಿಂಚಿನ ಚೌಕದ ರೀಪು (ಉದ್ದನೆಯ ಮರದ ತುಂಡು) ನಿಲ್ಲಿಸಿ, ಹಲಗೆಗಳನ್ನು ಹೊರಗಿನಿಂದ ಅದಕ್ಕೆ ಸ್ಕ್ರೂ ಹಾಕಿ ಬಿಗಿಯಿರಿ. ಈ ರೀಪುಗಳನ್ನು ಎರಡಿಂಚು ಉದ್ದ ಬಿಟ್ಟರೆ ಅವೇ ಕಾಲುಗಳಾಗುತ್ತವೆ.

ಹಳೆಯ ಮರಕ್ಕೆ ನೇರವಾಗಿ ಸ್ಕ್ರೂ ತಿರುಗಿಸಿದರೆ ಹಲಗೆಯ ತುದಿ ಸೀಳುತ್ತದೆ, ಇಲ್ಲವೇ ಸ್ಕ್ರೂವಿನ ತಲೆ ಮುರಿಯುತ್ತದೆ. ಸ್ಕ್ರೂವಿಗಿಂತ ಸಣ್ಣ ಬಿಟ್ಟಿನಿಂದ ಮೊದಲು ತೂತು ಕೊರೆಯಿರಿ, ಸ್ಕ್ರೂವನ್ನು ಮೇಣದ ಬತ್ತಿಗೆ ಉಜ್ಜಿ ಹಾಕಿ. ಎಲ್ಲವೂ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಸಾದಾ ಕಬ್ಬಿಣದ ಸ್ಕ್ರೂ ಮೊದಲ ಮಳೆಗಾಲ ಮುಗಿಯುವುದರೊಳಗೆ ಮರದ ಮೇಲೆ ಕಪ್ಪು ಕಣ್ಣೀರು ಇಳಿಸಿರುತ್ತದೆ.

ಪೆಟ್ಟಿಗೆಯ ತಳಕ್ಕೆ ಮೂರಿಂಚು ಅಗಲದ ಪಟ್ಟಿಗಳನ್ನು ಅರ್ಧ ಇಂಚು ಸಂದು ಬಿಟ್ಟು ಜೋಡಿಸಿ. ಒದ್ದೆ ಮಣ್ಣಿನ ಒತ್ತಡಕ್ಕೆ ಉದ್ದದ ಹಲಗೆಗಳು ನಡುವಿನಲ್ಲಿ ಉಬ್ಬುತ್ತವೆ. ಅದನ್ನು ತಡೆಯಲು ಮುಂದಿನ ಹಲಗೆಯಿಂದ ಹಿಂದಿನದಕ್ಕೆ ನಡುವೆ ಒಂದು ಅಡ್ಡಪಟ್ಟಿ ಕೊಡಿ. ಬಹಳ ಜನ ಇದನ್ನು ಅನಗತ್ಯ ಎಂದು ಬಿಡುತ್ತಾರೆ. ಬಿಡಬೇಡಿ.

ಮಣ್ಣನ್ನು ನೇರವಾಗಿ ಮರಕ್ಕೆ ತಾಗಿಸುವ ಬದಲು ಒಳಗೆ ಅದೇ ಅಳತೆಯ ಎಚ್‌ಡಿಪಿಇ ಗ್ರೋ ಬ್ಯಾಗ್ (ಗಿಡ ಬೆಳೆಸುವ ಗಟ್ಟಿ ಪ್ಲಾಸ್ಟಿಕ್ ಚೀಲ) ಇಡಿ, ತಳದಲ್ಲಿ ತೂತುಗಳಿರಲಿ. ಅಡ್ಡಪಟ್ಟಿಯನ್ನು ಬ್ಯಾಗಿನ ಮೇಲೆ ಬರುವಂತೆ ಕೊನೆಯಲ್ಲಿ ಹಾಕಿ. ನಾಲ್ಕೈದು ವರ್ಷದ ಮೇಲೆ ಬ್ಯಾಗ್ ಹರಿದರೆ ಅದನ್ನೊಂದೇ ಬದಲಿಸಬಹುದು, ಮರ ಉಳಿಯುತ್ತದೆ.

ಅಷ್ಟು ಭಾರದ ಕಿಟಕಿ ಬೀಳುವುದಿಲ್ಲವೇ?

ಸರಿಯಾದ ಭಯ. ಕದಗಳನ್ನು ತೆಗೆದ ತೇಗದ ಚೌಕಟ್ಟೇ ಸರಳುಗಳ ಜೊತೆ ಸುಮಾರು 20 ಕಿಲೋ ತೂಗುತ್ತದೆ. ಅದರ ಅಡಿಮರವನ್ನು ಪೆಟ್ಟಿಗೆಯ ಹಿಂಬದಿಯ ಹಲಗೆಯ ಅಂಚಿನ ಮೇಲೆ, ಒಳಮುಖವಾಗಿ ಕೂರಿಸಿ. ಹಿಂದೆ ನೆಲದಿಂದ ಕಿಟಕಿಯ ನೆತ್ತಿಯವರೆಗೆ ಎರಡು ರೀಪುಗಳು, ಪ್ರತಿ ರೀಪಿಗೂ ಪೆಟ್ಟಿಗೆಗೆ ಎರಡು, ಚೌಕಟ್ಟಿಗೆ ಎರಡು, 8 ಮಿಲಿಮೀಟರ್ ದಪ್ಪದ ಬೋಲ್ಟುಗಳು ಆರಪಾರ. ಎರಡೂ ಬದಿಗೆ ವಾಷರ್. ಸ್ಕ್ರೂ ಇಲ್ಲಿ ಸಾಲದು. ಮಣ್ಣು ತುಂಬಿದ ಮೇಲೆ ಅದರ ಭಾರವೇ ಇಡೀ ಕಿಟಕಿಯನ್ನು ಹಿಡಿದು ನಿಲ್ಲಿಸುತ್ತದೆ. ಖಾಲಿ ಪೆಟ್ಟಿಗೆಯನ್ನು ಮಾತ್ರ ಗೋಡೆಗೆ ಒರಗಿಸಿಯೇ ಇಡಬೇಕು.

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬೀಸುವ ಗಾಳಿ ಬೆಂಗಳೂರಿನಲ್ಲಿ ಮರಗಳನ್ನೇ ಉರುಳಿಸುತ್ತದೆ. ಬಳ್ಳಿ ದಟ್ಟವಾದ ಮೇಲೆ ಕಿಟಕಿ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಆದ್ದರಿಂದ ನೆತ್ತಿಯ ಎರಡು ಮೂಲೆಗೆ ಕೊಕ್ಕೆ ಹಾಕಿ, ಗೋಡೆಯ ಅಥವಾ ಗ್ರಿಲ್ಲಿನ ಭದ್ರ ಭಾಗಕ್ಕೆ ತಂತಿಯಿಂದ ಕಟ್ಟಿ. ಬಾಲ್ಕನಿಯ ಕಟ್ಟೆಯ ಮೇಲೆ ಇದನ್ನು ಯಾವ ಕಾರಣಕ್ಕೂ ಇಡಬಾರದು.

ಪಾಲಿಷ್ ಯಾವುದು ಒಳ್ಳೆಯದು?

ಫ್ರೆಂಚ್ ಪಾಲಿಷ್, ಮೆಲಮೈನ್ ಎರಡೂ ಮನೆಯೊಳಗಿನ ಪೀಠೋಪಕರಣಕ್ಕೆ. ಬಿಸಿಲು ಮಳೆಗೆ ನಿಲ್ಲುವುದಿಲ್ಲ. ಹೊರಗಿಡುವುದಕ್ಕೆ ಕುದಿಸಿದ ಅಗಸೆ ಎಣ್ಣೆ ಅಥವಾ ಹೊರಾಂಗಣಕ್ಕೆಂದೇ ತಯಾರಾದ ಮರದ ಎಣ್ಣೆ ಹಚ್ಚಿ. ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ, ಒಂದು ದಿನ ಒಣಗಿಸಿ, ಮತ್ತೆ ಹಚ್ಚಿ. ಮೂರು ಸಲ ಸಾಕು. ಕೊಬ್ಬರಿ ಎಣ್ಣೆ, ಹೊಂಗೆ ಎಣ್ಣೆ ಗಾಳಿಗೆ ಗಟ್ಟಿಯಾಗುವುದಿಲ್ಲ, ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತವೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರುತ್ತಾ ಹೋಗಿ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಟ್ಟೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಇಲ್ಲವೇ ಹೊರಗೆ ಹರಡಿ ಒಣಗಿಸಿ ನಂತರ ಬಿಸಾಡಿ.

ಸರಳುಗಳ ತುಕ್ಕು ಸಡಿಲವಾಗಿದ್ದರೆ ನೀರು ಹಚ್ಚಿ ತಂತಿ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಹೊಸ ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಎನಾಮೆಲ್ ಬಳಿಯಿರಿ.

ಮಣ್ಣಿನ ಮಿಶ್ರಣ ಹೇಗಿರಬೇಕು? ತಳಕ್ಕೆ ಜಲ್ಲಿ ಹಾಕಬೇಕಲ್ಲವೇ?

ಕೆಮ್ಮಣ್ಣು, ಎರೆಗೊಬ್ಬರ, ನೆನೆಸಿ ಹಿಂಡಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು, ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ. ಬರೀ ಕೆಮ್ಮಣ್ಣು ತುಂಬಿದರೆ ಒದ್ದೆಯಾದಾಗ 80 ಕಿಲೋ ಹತ್ತಿರವಾಗುತ್ತದೆ, ಒಣಗಿದಾಗ ಇಟ್ಟಿಗೆಯಾಗುತ್ತದೆ.

ಜಲ್ಲಿಯ ಪದರ ಬೇಡ. ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ಹಳೆಯದು, ಆದರೆ ನಡೆಯುವುದು ಬೇರೆ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದುಗಳಿರುವ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ತೋಯ್ದು ತುಂಬುವವರೆಗೆ ಅದು ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಹೀಗಾಗಿ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತುಗಳ ಮೇಲೆ ಹೆಂಚಿನ ಚೂರನ್ನು ಕವುಚಿ ಹಾಕಿ, ಅಷ್ಟೇ.

ಯಾವ ಬಳ್ಳಿ ನೆಡಲಿ?

ಬಿಸಿಲು ಎಷ್ಟು ಎಂಬುದೇ ಇಲ್ಲಿ ತೀರ್ಮಾನ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲಿದ್ದರೆ ಜಾಜಿ ಅಥವಾ ಸೂಜಿಮಲ್ಲಿಗೆ. ಬೆಂಗಳೂರಿನ ಹಳೆಯ ಮನೆಗಳ ಮುಂದೆ ಇದ್ದ ಚಪ್ಪರ ಇವುಗಳದ್ದೇ, ಹಾಗಾಗಿ ಹಳೆಯ ಕಿಟಕಿಗೆ ಇವುಗಳಷ್ಟು ಒಪ್ಪುವುದು ಬೇರೆ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇವು ತಾವಾಗಿ ಸರಳನ್ನು ಸುತ್ತಿ ಹಿಡಿಯುವುದು ಕಡಿಮೆ. ಹೊಸ ಕುಡಿಗಳನ್ನು ಬಾಳೆನಾರಿನಿಂದ ಸಡಿಲವಾಗಿ ಕಟ್ಟುತ್ತಾ ಹೋಗಬೇಕು. ಶಂಖಪುಷ್ಪ ಬೀಜದಿಂದಲೇ ಬೇಗ ಏರಿ ಸರಳನ್ನು ಸುತ್ತುತ್ತದೆ. ತೊಂಡೆ ಎಳೆಗಳನ್ನು ಚಾಚಿ ಹಿಡಿಯುತ್ತದೆ, ಕಡ್ಡಿ ನೆಟ್ಟರೆ ಸಾಕು, ಆದರೆ ಇಡೀ ಬಾಲ್ಕನಿಯನ್ನು ಕೇಳುತ್ತದೆ. ನೆರಳಿನ ಜಾಗಕ್ಕೆ ವೀಳ್ಯದೆಲೆ ಹೇಳಿ ಮಾಡಿಸಿದ್ದು. ಗಂಟುಗಳಿಂದ ಹೊರಡುವ ಬೇರಿನಿಂದ ಅದು ಒರಟು ಮರಕ್ಕೆ ಅಂಟಿಕೊಂಡು ಏರುತ್ತದೆ. ಮನೆಯ ಹಿರಿಯರಿಗೆ ಎಲೆಯ ಉಪಯೋಗವೂ ಇದೆ.

ಪಡುವಣ ಬಿಸಿಲಿಗೆ ಕಬ್ಬಿಣದ ಸರಳು ಕಾಯುತ್ತದೆ, ಎಳೆ ಕುಡಿ ಬಾಡುತ್ತದೆ. ಅಂಥ ಜಾಗವಾದರೆ ಸರಳುಗಳಿಗೆ ತೆಂಗಿನ ನಾರಿನ ಹಗ್ಗ ಸುತ್ತಿಕೊಡಿ. ಗಿಡಗಳಿಗೆ ಲಾಲ್‌ಬಾಗ್, ಅದರ ಪಕ್ಕದ ಸಿದ್ದಾಪುರದ ನರ್ಸರಿಗಳು ಇದ್ದೇ ಇವೆ.

ಮಂಗಳೂರು ಹೆಂಚನ್ನು ಎಲ್ಲಿ ಬಳಸುವುದು?

ಕಾಲುಗಳ ಅಡಿಗೆ, ತೂತು ಮುಚ್ಚಲು. ಇಷ್ಟಕ್ಕೆ ಒಡೆದ ಹೆಂಚೇ ಸಾಕು. ಹೆಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ, ನೋಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಸರಿನ ಇಡೀ ಹೆಂಚು ಸಿಕ್ಕರೆ ಒಡೆಯಬೇಡಿ. ಪೆಟ್ಟಿಗೆಯ ಮುಂಭಾಗಕ್ಕೆ ಎರಡು ಹಿತ್ತಾಳೆ ಕೊಕ್ಕೆಗಳಲ್ಲಿ ಅಚ್ಚು ಕಾಣುವಂತೆ ಕೂರಿಸಿ.

ಜೊತೆಗೆ ಹಕ್ಕಿಗಳಿಗೆ ನೀರಿನ ಬಟ್ಟಲು ಇಡಬಹುದೇ?

ಹಳೆಯ ಮನೆಯಿಂದ ಒರಳುಕಲ್ಲು ಬಂದಿದ್ದರೆ ಅದಕ್ಕಿಂತ ಒಳ್ಳೆಯ ಬಟ್ಟಲಿಲ್ಲ. ಆದರೆ ಗುಳಿ ಆಳ. ಹಕ್ಕಿ ಇಳಿಯಲು ಒಂದೆರಡು ಇಂಚಿಗಿಂತ ಹೆಚ್ಚು ನೀರು ಇರಬಾರದು, ಆದ್ದರಿಂದ ಅರ್ಧಕ್ಕೆ ಬೆಣಚುಕಲ್ಲು ತುಂಬಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುವುದು, ವಾರದಿಂದ ಹತ್ತು ದಿನದೊಳಗೆ ಮರಿ ಸೊಳ್ಳೆಯಾಗಿ ಹಾರುತ್ತದೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಒಳಗೆ ಉಜ್ಜಬೇಕು. ಇದನ್ನು ಮಾಡುವವರಿಲ್ಲದ ಮನೆಗೆ ಬಟ್ಟಲು ಕೊಡಬೇಡಿ.

ಬಿಚ್ಚಿದ ಮನೆಯ ಸಾಮಾನು ಹೊಸ ಮನೆಗೆ ಶುಭವಲ್ಲ ಎನ್ನುತ್ತಾರೆ. ನಿಜವೇ?

ಹಾಗೆ ನಂಬುವ ಹಿರಿಯರಿದ್ದಾರೆ. ಅವರೊಂದಿಗೆ ವಾದಕ್ಕಿಳಿಯುವುದು ಉಡುಗೊರೆ ಕೊಡುವವರ ಕೆಲಸವಲ್ಲ. ಮನೆಯವರಿಗೆ ಈ ಅಳುಕಿದ್ದರೆ ಬೇರೆ ಉಡುಗೊರೆ ಆರಿಸಿ. ತಮ್ಮದೇ ಹಳೆಯ ಮನೆಯ ಮರವಾದರೆ ಬಹುತೇಕ ಈ ಮಾತು ಏಳುವುದೇ ಇಲ್ಲ, ಹಿರಿಯರೇ ಮುಂದೆ ನಿಂತು ಅರಿಶಿನ ಕುಂಕುಮ ಹಚ್ಚುತ್ತಾರೆ.

ಹೊಸ್ತಿಲಿನ ಮರವನ್ನು ಮಾತ್ರ ಪೆಟ್ಟಿಗೆಗೆ ಕೊಯ್ಯಬೇಡಿ. ತಲೆಮಾರುಗಳ ಕಾಲ ಪೂಜೆಗೊಂಡದ್ದು ಅದು. ಸಿಕ್ಕರೆ ಆ ಕುಟುಂಬಕ್ಕೇ ಒಪ್ಪಿಸಿ, ಏನು ಮಾಡಬೇಕೆಂದು ಅವರೇ ಹೇಳಲಿ.

ರಸ್ತೆಯಲ್ಲಿ ಗಾಳಿಗೆ ಬಿದ್ದ ಮರವನ್ನು ತರಬಹುದೇ?

ಅದು ಪಾಲಿಕೆಯ ಸ್ವತ್ತು. ಅರಣ್ಯ ವಿಭಾಗದ ಸಿಬ್ಬಂದಿಯನ್ನು ಕೇಳದೆ ಮುಟ್ಟಬೇಡಿ. ಕೊಟ್ಟರೂ ಹಸಿ ಮರ ಈ ಕೆಲಸಕ್ಕೆ ಬರುವುದಿಲ್ಲ, ಒಣಗುವಾಗ ತಿರುಚುತ್ತದೆ, ಬಿರಿಯುತ್ತದೆ.

ಅಪಾರ್ಟ್‌ಮೆಂಟಿಗೆ ಸಾಗಿಸುವುದು ಹೇಗೆ?

ಕಿಟಕಿ, ಪೆಟ್ಟಿಗೆ, ಮಣ್ಣು ಮೂರನ್ನೂ ಬೇರೆ ಬೇರೆಯಾಗಿ ಗೂಡ್ಸ್ ಆಟೋದಲ್ಲಿ ಒಯ್ದು ಅಲ್ಲೇ ಜೋಡಿಸಿ. ಎಲ್ಲ ಸೇರಿ, ನೀರುಂಡ ಮೇಲೆ, 80ರಿಂದ 90 ಕಿಲೋ ಆಗುತ್ತದೆ. ಬಾಲ್ಕನಿಯ ಹೊರ ಅಂಚಿಗಿಂತ ಮನೆಯ ಗೋಡೆಗೆ ಹತ್ತಿರ ಇಡುವುದು ಕ್ಷೇಮ. ಸಾಮಾನು ತರುವ ಸಮಯದ ಬಗ್ಗೆ, ಬಾಲ್ಕನಿಯಲ್ಲಿ ಏನಿಡಬಹುದು ಎಂಬ ಬಗ್ಗೆ ಸಂಘದ ನಿಯಮಗಳಿರುತ್ತವೆ, ಕೇಳಿಕೊಳ್ಳಿ. ಕೆಳಗಿನ ಮನೆಯವರ ಬಟ್ಟೆಯ ಮೇಲೆ ಕೆಂಪು ನೀರು ಸುರಿಯದಂತೆ ತಳಕ್ಕೊಂದು ತಟ್ಟೆ ಇರಲಿ, ಅದರಲ್ಲಿ ನೀರು ನಿಂತರೆ ತೆಗೆದು ಚೆಲ್ಲಲು ಹೇಳಿ.

ಎಷ್ಟು ಮುಂಚೆ ಕೆಲಸ ಶುರು ಮಾಡಬೇಕು?

ಕಿಟಕಿ ಹುಡುಕಲು ಎಷ್ಟು ಕಾಲ ಹಿಡಿಯುತ್ತದೆ ಎಂದು ಹೇಳಲಾಗದು. ಅದು ಕೈಗೆ ಬಂದ ಮೇಲೆ ವಾರಾಂತ್ಯಗಳಲ್ಲಿ ಮಾಡುವವರು ಒಂದು ತಿಂಗಳು ಇಟ್ಟುಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗೆ ಗಾಳಿ ಒಣಗಿದ್ದು ಎಣ್ಣೆ ಚೆನ್ನಾಗಿ ಕೂರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಅದೇ ಕೆಲಸ ದುಪ್ಪಟ್ಟು ದಿನ ತೆಗೆದುಕೊಳ್ಳುತ್ತದೆ. ಬಳ್ಳಿಯನ್ನು ಕೊಡುವ ದಿನವೇ ನೆಡಬೇಡಿ. ಕುಂಡದಲ್ಲಿ ಮೊದಲೇ ಬೆಳೆಸಿ, ಎರಡು ಅಡಿ ಎತ್ತರವಾದ ಮೇಲೆ ಪೆಟ್ಟಿಗೆಗೆ ಇಳಿಸಿದರೆ ನೋಡಿದ ದಿನವೇ ಸರಳಿನ ಮೇಲೆ ಹಸಿರು ಇರುತ್ತದೆ.

ಎಷ್ಟು ವರ್ಷ ಬಾಳುತ್ತದೆ? ಹಾಳಾದರೆ?

ತೇಗದ ಚೌಕಟ್ಟು ಪೆಟ್ಟಿಗೆಗಿಂತ ಹೆಚ್ಚು ಕಾಲ ಉಳಿಯುತ್ತದೆ. ಮೊದಲು ಕೈಕೊಡುವುದು ಅಡಿಯ ಪಟ್ಟಿಗಳು. ಅದಕ್ಕೇ ಅಂಟು ಹಾಕದೆ ಎಲ್ಲವನ್ನೂ ಸ್ಕ್ರೂ, ಬೋಲ್ಟುಗಳಿಂದ ಜೋಡಿಸಲು ಹೇಳಿದ್ದು: ಕೊಳೆತ ಪಟ್ಟಿಯನ್ನಷ್ಟೇ ಬಿಚ್ಚಿ ಹೊಸದು ಹಾಕಬಹುದು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಒಂದು ಕೈ ಎಣ್ಣೆ ಹಚ್ಚಿ ಬೋಲ್ಟುಗಳನ್ನು ಬಿಗಿಗೊಳಿಸಬೇಕು. ಉಡುಗೊರೆಯ ಜೊತೆ ಒಂದು ಚೀಟಿ ಬರೆದಿಡಿ: ಮರ ಯಾವುದು, ಯಾವ ಬಡಾವಣೆಯ ಮನೆಯಿಂದ ಬಂತು, ಯಾವ ಎಣ್ಣೆ ಹಚ್ಚಿದ್ದೀರಿ, ಬೋಲ್ಟಿನ ಅಳತೆ ಎಷ್ಟು. ನಾಲ್ಕು ಬಿಡಿ ಬೋಲ್ಟುಗಳನ್ನೂ ಒಂದು ಸ್ಪ್ಯಾನರನ್ನೂ ಪುಟ್ಟ ಚೀಲದಲ್ಲಿ ಹಾಕಿ ಚೌಕಟ್ಟಿನ ಹಿಂಬದಿಗೆ ಕಟ್ಟಿಕೊಡಿ.